ಕೊಲೆಸ್ಟ್ರಾಲ್ ಮದ್ದು ಮಕ್ಕಳ ನವೆಗೆ ಬಂದ ಬಗೆ: ಅಲಜಿಲ್ ಸಿಂಡ್ರೋಮಿನ ಔಷಧ ಪ್ರಯೋಗಗಳು

ಕೊಲೆಸ್ಟ್ರಾಲ್ ಎಂದರೆ ನಲವತ್ತು ದಾಟಿದವರ ಚಿಂತೆ ಎಂದುಕೊಂಡವರೇ ಹೆಚ್ಚು. ಹಾಗಿರುವಾಗ, ಈಗಷ್ಟೇ ನಡೆಯಲು ಕಲಿತ ಮಗುವಿನ ಲಿವರ್ ಕಾಯಿಲೆಗೆ ‘ಇದು ಮೊದಲು ಕೊಲೆಸ್ಟ್ರಾಲ್ ಇಳಿಸಲು ಪರೀಕ್ಷಿಸಿದ್ದ ಔಷಧ’ ಎಂದು ವೈದ್ಯರು ಹೇಳಿದರೆ ತಂದೆತಾಯಿಗೆ ಗಾಬರಿಯಾಗದೆ ಇರದು. ಆ ಔಷಧದ ಹೆಸರು ಮರಲಿಕ್ಸಿಬ್ಯಾಟ್. ಅಲಜಿಲ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯ ಮಕ್ಕಳನ್ನು ಕಾಡುವ ನವೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಸೆಪ್ಟೆಂಬರ್‌ನಲ್ಲಿ ಇದನ್ನು ಒಪ್ಪಿತು. ಆ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಮೊದಲ ಔಷಧ ಅದು.

ಕೊಲೆಸ್ಟ್ರಾಲಿಗೂ ನವೆಗೂ ಏನು ನಂಟು? ಊರಿಗೊಬ್ಬರು ಸಿಕ್ಕುವುದೂ ಕಷ್ಟವಾದ ಕಾಯಿಲೆಯಲ್ಲಿ, ಮಾತು ಬಾರದ ಮಕ್ಕಳ ಮೇಲೆ ಔಷಧವನ್ನು ಪರೀಕ್ಷಿಸುವುದಾದರೂ ಹೇಗೆ? ಎರಡಕ್ಕೂ ಉತ್ತರ ಬೇಕೆಂದರೆ ಪಿತ್ತರಸದಿಂದಲೇ ಶುರುಮಾಡಬೇಕು.

ಪಿತ್ತರಸದ ಹೋಗಿಬರುವ ದಾರಿ

ಎಣ್ಣೆಸ್ನಾನದ ದಿನ ತಲೆಗೆ ಬರಿಯ ನೀರು ಹೊಯ್ದರೆ ಎಣ್ಣೆ ಬಿಡುವುದಿಲ್ಲ, ಸೀಗೆಪುಡಿ ಬೇಕು. ಹೊಟ್ಟೆಯಲ್ಲಿ ಆ ಸೀಗೆಪುಡಿಯ ಕೆಲಸ ಮಾಡುವುದು ಪಿತ್ತರಸ. ತಿಂದ ತುಪ್ಪ, ಎಣ್ಣೆ, ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ಕರುಳು ಹೀರಿಕೊಳ್ಳುವಂತೆ ಮಾಡುವುದು ಅದೇ. ಪಿತ್ತರಸದೊಳಗೆ ಈ ಕೆಲಸಕ್ಕೆ ಮುಖ್ಯವಾದ ವಸ್ತು ಪಿತ್ತಾಮ್ಲ. ಲಿವರ್ ಪಿತ್ತಾಮ್ಲವನ್ನು ತಯಾರಿಸುವುದು ಕೊಲೆಸ್ಟ್ರಾಲಿನಿಂದ. ಮುಂದಿನದೆಲ್ಲ ಅರ್ಥವಾಗಲು ಈ ಒಂದು ಸಂಗತಿ ನೆನಪಿದ್ದರೆ ಸಾಕು.

ದೇಹ ಪಿತ್ತಾಮ್ಲವನ್ನು ಪೋಲು ಮಾಡುವುದಿಲ್ಲ. ವಯಸ್ಕರ ದೇಹದಲ್ಲಿ ಒಟ್ಟು ಇರುವುದೇ 2ರಿಂದ 4 ಗ್ರಾಂ. ಅಷ್ಟನ್ನೇ ದಿನಕ್ಕೆ ಹಲವು ಸುತ್ತು ಬಳಸಿಕೊಳ್ಳುತ್ತದೆ. ಡಿಪೋದಿಂದ ಹೊರಟ ಬಸ್ಸುಗಳು ಊರೆಲ್ಲ ಸುತ್ತಿ ಮತ್ತೆ ಡಿಪೋಗೆ ಬರುವ ಹಾಗೆ, ಲಿವರಿನಿಂದ ಹೊರಟ ಪಿತ್ತಾಮ್ಲ ಸಣ್ಣಕರುಳಿನ ಉದ್ದಕ್ಕೂ ಸಾಗಿ, ಅದರ ಕೊನೆಯ ಭಾಗದಲ್ಲಿ ರಕ್ತ ಸೇರಿ, ಲಿವರಿಗೆ ಮರಳುತ್ತದೆ. ನೂರರಲ್ಲಿ ಸುಮಾರು 95 ಪಾಲು ಹೀಗೆ ವಾಪಸಾಗುತ್ತದೆ. ಮಲದಲ್ಲಿ ಹೋದ ಉಳಿದ ಪಾಲಿಗೆ ಬದಲಾಗಿ ಲಿವರ್ ಕೊಲೆಸ್ಟ್ರಾಲ್ ಖರ್ಚುಮಾಡಿ ಹೊಸದನ್ನು ತಯಾರಿಸುತ್ತದೆ.

ಮರಳುವ ದಾರಿಯಲ್ಲಿ ಒಂದು ಗೇಟು ಇದೆ. ಸಣ್ಣಕರುಳಿನ ಕೊನೆಯ ಜೀವಕೋಶಗಳ ಮೇಲೆ ಕೂತ ಒಂದು ಪ್ರೋಟೀನು ಪಿತ್ತಾಮ್ಲವನ್ನು ಹಿಡಿದು ಒಳಗೆ ಬಿಡುತ್ತದೆ. ವೈದ್ಯಲೋಕದಲ್ಲಿ ಇದಕ್ಕೆ ಐಬ್ಯಾಟ್ ಎಂದೂ ಎಎಸ್‌ಬಿಟಿ ಎಂದೂ ಹೆಸರು. ಮರಲಿಕ್ಸಿಬ್ಯಾಟ್ ಮಾಡುವುದು ಇಷ್ಟೇ, ಆ ಗೇಟು ಮುಚ್ಚುವುದು. ಔಷಧ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಅದರ ಕೆಲಸವೆಲ್ಲ ಕರುಳಿನೊಳಗೇ.

ಗೇಟು ಮುಚ್ಚಿದರೆ ಕೊಲೆಸ್ಟ್ರಾಲ್ ಇಳಿಯುವುದೇಕೆ

ವಾಪಸು ಬರುವ ಬಸ್ಸು ಕಡಿಮೆಯಾದರೆ ಡಿಪೋದವರು ಹೊಸ ಬಸ್ಸು ಕಟ್ಟಿಸಬೇಕು. ಹೊಸ ಪಿತ್ತಾಮ್ಲಕ್ಕೆ ಬೇಕಾದ ಕೊಲೆಸ್ಟ್ರಾಲನ್ನು ಲಿವರ್ ರಕ್ತದಿಂದ ಎಳೆದುಕೊಳ್ಳುತ್ತದೆ, ರಕ್ತದ ಎಲ್‌ಡಿಎಲ್ (ಕೊಲೆಸ್ಟ್ರಾಲ್ ಹೊತ್ತು ಸಾಗುವ ಕಣ) ಇಳಿಯುತ್ತದೆ. ಈ ಯುಕ್ತಿ ಹಳೆಯದು. ಕರುಳಿನಲ್ಲಿ ಪಿತ್ತಾಮ್ಲಕ್ಕೆ ಅಂಟಿಕೊಂಡು ಅದನ್ನು ಮಲದೊಡನೆ ಹೊರಹಾಕುವ ಕೊಲೆಸ್ಟಿರಮೀನ್ ಎಂಬ ಪುಡಿಯನ್ನು 3,806 ಗಂಡಸರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ, ಹೃದಯಾಘಾತ ಮತ್ತು ಹೃದ್ರೋಗದ ಸಾವು ಒಟ್ಟಾಗಿ 19% ಕಡಿಮೆಯಾಯಿತೆಂದು 1984ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ್ದರು. ದಿನಕ್ಕೆ 24 ಗ್ರಾಂ ಪುಡಿ, ಮರಳು ಕಲಸಿದ ನೀರಿನಂಥದ್ದು. ಕುಡಿದವರ ತಾಳ್ಮೆ ದೊಡ್ಡದು.

ಪುಡಿಯ ಬದಲು ಗೇಟನ್ನೇ ಮುಚ್ಚುವ ಔಷಧ ಬಂದರೆ ಸುಲಭವಲ್ಲವೆ ಎಂಬ ಲೆಕ್ಕದಲ್ಲಿ ಮುಂದೆ ಹಲವು ಔಷಧಗಳು ಹುಟ್ಟಿದವು. ಮರಲಿಕ್ಸಿಬ್ಯಾಟ್ ಅವುಗಳಲ್ಲೊಂದು. ವಯಸ್ಕರಲ್ಲಿ ಪರೀಕ್ಷೆಗಳೂ ನಡೆದವು. ಆದರೆ 1987ರಿಂದ ಮಾರುಕಟ್ಟೆಯಲ್ಲಿದ್ದ ಸ್ಟ್ಯಾಟಿನ್ ಗುಳಿಗೆಗಳು ಕೊಲೆಸ್ಟ್ರಾಲನ್ನು ಇದಕ್ಕಿಂತ ಎಷ್ಟೋ ಚೆನ್ನಾಗಿ ಇಳಿಸುತ್ತಿದ್ದವು. ಗೇಟು ಮುಚ್ಚಿದಾಗ ಲಿವರ್ ಕೊರತೆ ತುಂಬಿಕೊಳ್ಳಲು ಹೊಸ ಕೊಲೆಸ್ಟ್ರಾಲನ್ನೂ ತಯಾರಿಸತೊಡಗುವುದರಿಂದ ಇಳಿಕೆ ಒಂದು ಮಿತಿ ದಾಟುವುದಿಲ್ಲ. ಮೇಲಾಗಿ ಹೀರಿಕೊಳ್ಳದೆ ಉಳಿದ ಪಿತ್ತಾಮ್ಲ ದೊಡ್ಡಕರುಳಿಗೆ ಹೋದರೆ ಅಲ್ಲಿ ನೀರು ಒಸರಿ ಭೇದಿಯಾಗುತ್ತದೆ. ಆರೋಗ್ಯವಾಗಿರುವವರು ಭೇದಿ ಸಹಿಸಿಕೊಂಡು ಸಾಧಾರಣ ಫಲದ ಔಷಧ ತಿನ್ನುವರೆ? ಕೊಲೆಸ್ಟ್ರಾಲ್ ಮದ್ದಾಗಿ ಅದಕ್ಕೆ ಭವಿಷ್ಯವಿರಲಿಲ್ಲ.

ಅಲಜಿಲ್ ಸಿಂಡ್ರೋಮ್ ಅಂದರೆ

ಈ ಕಾಯಿಲೆಗೆ ಫ್ರಾನ್ಸಿನ ಮಕ್ಕಳ ವೈದ್ಯ ದಾನಿಯೆಲ್ ಅಲಜಿಲ್ ಅವರ ಹೆಸರು. ಲಿವರಿನೊಳಗೆ ಎಲೆಯ ನರಗಳಂತೆ ಹರಡಿರಬೇಕಾದ ಸಣ್ಣ ಪಿತ್ತನಾಳಗಳು ಈ ಮಕ್ಕಳಲ್ಲಿ ಬೇಕಾದಷ್ಟು ಇರುವುದಿಲ್ಲ. ಕಾರಣ ಹೆಚ್ಚಿನವರಲ್ಲಿ 20ನೆಯ ವರ್ಣತಂತುವಿನಲ್ಲಿರುವ ಜೆಎಜಿ1 ಎಂಬ ಜೀನಿನ ದೋಷ (ಇದು ಪತ್ತೆಯಾದದ್ದು 1997ರಲ್ಲಿ), ಕೆಲವೇ ಮಂದಿಯಲ್ಲಿ ನಾಚ್2 ಎಂಬ ಜೀನಿನದು. ಭ್ರೂಣದಲ್ಲಿ ಹಲವು ಅಂಗಗಳು ರೂಪುಗೊಳ್ಳಲು ಅದೇ ಜೀನು ಬೇಕಾದ್ದರಿಂದ ತೊಂದರೆ ಲಿವರಿಗಷ್ಟೇ ನಿಲ್ಲದು. ಶ್ವಾಸಕೋಶದ ರಕ್ತನಾಳ ಕಿರಿದಾಗಿರುವುದು, ಚಿಟ್ಟೆಯಾಕಾರದ ಬೆನ್ನುಮೂಳೆ, ಕಣ್ಣಿನ ಅಂಚಿನಲ್ಲಿ ಬಿಳಿ ಗೆರೆ, ಅಗಲ ಹಣೆ ಮತ್ತು ಚೂಪು ಗದ್ದ, ಕೆಲವರಲ್ಲಿ ಮೂತ್ರಪಿಂಡದ ದೋಷ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ 50%. ಆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ದೋಷ ಹೊಸದಾಗಿ ಹುಟ್ಟಿದ್ದಾಗಿರುತ್ತದೆ, ಮನೆತನದಲ್ಲಿ ಹುಡುಕಿದರೂ ಸಿಗದು.

ನಾಳ ಕಡಿಮೆಯಾದರೆ ಪಿತ್ತರಸ ಲಿವರಿನಲ್ಲೇ ಕಟ್ಟಿಕೊಳ್ಳುತ್ತದೆ, ಬಚ್ಚಲು ಕಟ್ಟಿದ ಮನೆಯ ಹಾಗೆ. ಕಣ್ಣು ಹಳದಿ, ಮಲ ಸುಣ್ಣದ ಬಣ್ಣ, ಮೂತ್ರ ಗಾಢ. ಕರುಳಿಗೆ ಪಿತ್ತರಸ ಸಾಲದೆ ಕೊಬ್ಬು ಜೀರ್ಣವಾಗದು, ಮಗು ಬೆಳೆಯದು. ಕಟ್ಟಿಕೊಂಡ ಪಿತ್ತಾಮ್ಲ ರಕ್ತಕ್ಕೆ ಉಕ್ಕುತ್ತದೆ. ಆರೋಗ್ಯವಂತರ ರಕ್ತದಲ್ಲಿ ಉಪವಾಸದ ಹೊತ್ತಿಗೆ ಅದು ಲೀಟರಿಗೆ 10 ಮೈಕ್ರೊಮೋಲಿನೊಳಗೆ ಇರುತ್ತದೆ, ಈ ಮಕ್ಕಳಲ್ಲಿ ನೂರುಗಳಲ್ಲಿ.

ಆಮೇಲೆ ನವೆ. ಸೊಳ್ಳೆ ಕಡಿತದಂತೆ ಒಂದೆಡೆ ಬಂದು ಹೋಗುವಂಥದ್ದಲ್ಲ ಇದು. ಅಂಗಾಲು, ಅಂಗೈ, ಕಿವಿಯ ಒಳಗೆ, ಮೈಯೆಲ್ಲ, ರಾತ್ರಿ ಇನ್ನೂ ಜಾಸ್ತಿ. ಮಗು ನಿದ್ದೆಯಲ್ಲೂ ಕೆರೆದು ರಕ್ತ ಬರಿಸಿಕೊಳ್ಳುತ್ತದೆ. ಲಿವರ್ ಇನ್ನೂ ತಕ್ಕಮಟ್ಟಿಗೆ ಕೆಲಸ ಮಾಡುತ್ತಿದ್ದರೂ ನವೆ ತಾಳಲಾರದೆ ಕಸಿ ಮಾಡಿಸಿಕೊಂಡವರಿದ್ದಾರೆ. ಅಲರ್ಜಿಯ ಗುಳಿಗೆ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು, ಮಗುವಿಗೆ ತೂಕಡಿಕೆ ಬರಿಸುತ್ತದೆ ಅಷ್ಟೆ. ಅರ್ಸೊಡಿಯಾಲ್, ರಿಫಾಂಪಿಸಿನ್, ಕೊಲೆಸ್ಟಿರಮೀನ್, ನಾಲ್ಟ್ರೆಕ್ಸೋನ್ ಬಳಸುತ್ತ ಬಂದಿದ್ದಾರೆ, ಫಲ ಮಗುವಿನಿಂದ ಮಗುವಿಗೆ ಬೇರೆ.

ಈ ಮಕ್ಕಳ ಕೊಲೆಸ್ಟ್ರಾಲ್ ಬೇರೆ ಜಾತಿಯದು

ಇಲ್ಲೊಂದು ಗೊಂದಲ ಬಿಡಿಸಬೇಕು. ಅಲಜಿಲ್ ಮಕ್ಕಳಲ್ಲಿ ಕೊಲೆಸ್ಟ್ರಾಲ್ ಡೆಸಿಲೀಟರಿಗೆ 500, ಕೆಲವೊಮ್ಮೆ 1,000 ಮಿಲಿಗ್ರಾಂ ದಾಟುತ್ತದೆ. ಗೆಣ್ಣು, ಮೊಣಕೈ, ಮೊಣಕಾಲು, ಕತ್ತಿನ ಮಡಿಕೆಗಳಲ್ಲಿ ಹಳದಿ ಗಂಟುಗಳಾಗಿ ಕಾಣಿಸಿಕೊಳ್ಳುವುದೂ ಅದೇ. ನೋಡಿದವರು ಕೂಡಲೇ ‘ಸ್ಟ್ಯಾಟಿನ್ ಕೊಡಬಾರದೆ, ಹಾರ್ಟ್ ಅಟ್ಯಾಕ್ ಆದರೆ?’ ಎಂದು ಕೇಳುತ್ತಾರೆ.

ಈ ಕೊಲೆಸ್ಟ್ರಾಲಿನ ಬಹುಪಾಲು ಎಲ್‌ಡಿಎಲ್ ಕಣಗಳಲ್ಲಿಲ್ಲ. ಹರಿಯದೆ ನಿಂತ ಪಿತ್ತರಸದ ಕೊಬ್ಬು ರಕ್ತಕ್ಕೆ ಸೋರಿ ಲಿಪೊಪ್ರೋಟೀನ್-ಎಕ್ಸ್ ಎಂಬ ಬೇರೆಯದೇ ಕಣವಾಗುತ್ತದೆ. ಎಲ್‌ಡಿಎಲ್ ಕಣಕ್ಕೆ ಗುರುತಿನ ಚೀಟಿಯಂತಿರುವ ಪ್ರೋಟೀನು ಇದರ ಮೇಲಿಲ್ಲ. ಹಾಗಾಗಿ ಲಿವರಿನ ಎಲ್‌ಡಿಎಲ್ ಬಾಗಿಲು ಇದನ್ನು ಒಳಕ್ಕೆ ಬಿಡುವುದೇ ಇಲ್ಲ. ಸ್ಟ್ಯಾಟಿನ್ ಕೆಲಸ ಮಾಡುವುದು ಆ ಬಾಗಿಲುಗಳನ್ನು ಹೆಚ್ಚಿಸಿ. ಚೀಟಿಯೇ ಇಲ್ಲದವನಿಗೆ ಬಾಗಿಲು ಹತ್ತಿದ್ದರೇನು, ನೂರಿದ್ದರೇನು? ಪ್ರಯೋಗಾಲಯದ ಯಂತ್ರಕ್ಕೂ ಈ ಕಣ ಮೋಸ ಮಾಡುತ್ತದೆ. ಲೆಕ್ಕಹಾಕಿ ತೆಗೆದ ಎಲ್‌ಡಿಎಲ್ ಸಂಖ್ಯೆ ನಂಬುವಂತಿರುವುದಿಲ್ಲ. ಕೊಬ್ಬು ವಿಪರೀತವಾದಾಗ ಕೆಲವು ಬಗೆಯ ಯಂತ್ರಗಳು ಸೋಡಿಯಂ ನಿಜಕ್ಕಿಂತ ಕಡಿಮೆ ಇದೆಯೆಂದು ತೋರಿಸುತ್ತವೆ. ಅದನ್ನು ನಂಬಿ ಮಗುವಿಗೆ ಉಪ್ಪಿನ ಡ್ರಿಪ್ ಏರಿಸಿದರೆ ಅಪಾಯ.

ಆದ್ದರಿಂದ ಈ ಪ್ರಯೋಗಗಳ ಗುರಿ ಕೊಲೆಸ್ಟ್ರಾಲ್ ಇಳಿಸುವುದಾಗಿರಲಿಲ್ಲ. ಕರುಳಿನ ಗೇಟು ಮುಚ್ಚಿದರೆ ಪಿತ್ತಾಮ್ಲ ಲಿವರಿಗೆ ಮರಳದೆ ಮಲದಲ್ಲಿ ಹೋಗುತ್ತದೆ, ಕಟ್ಟಿದ ಬಚ್ಚಲಿಗೆ ಬರುವ ನೀರು ಕಡಿಮೆಯಾಗುತ್ತದೆ. ವಯಸ್ಕರಲ್ಲಿ ಅಡ್ಡಪರಿಣಾಮ ಎನಿಸಿದ್ದೇ ಇಲ್ಲಿ ಬೇಕಾದ ಪರಿಣಾಮ. ಶಸ್ತ್ರವೈದ್ಯರು ಇದೇ ತತ್ತ್ವವನ್ನು 1980ರ ದಶಕದಿಂದಲೇ ಬಳಸುತ್ತಿದ್ದರು. ಪಿತ್ತಕೋಶಕ್ಕೆ ಕರುಳಿನ ತುಂಡೊಂದನ್ನು ಜೋಡಿಸಿ, ಹೊಟ್ಟೆಯ ಮೇಲಿನ ಚೀಲಕ್ಕೆ ಪಿತ್ತರಸದ ಒಂದು ಪಾಲನ್ನು ಹರಿಸುವ ಶಸ್ತ್ರಕ್ರಿಯೆಯಿಂದ ಹಲವು ಮಕ್ಕಳ ನವೆ ಇಳಿದಿತ್ತು. ಆ ಚೀಲದ ಕೆಲಸವನ್ನು ಕುಡಿಯುವ ಔಷಧ ಮಾಡಬಲ್ಲುದೆ ಎಂಬುದೇ ಪ್ರಶ್ನೆ.

ಮೂವತ್ತು ಮಕ್ಕಳಲ್ಲಿ ಪರೀಕ್ಷೆ ಹೇಗೆ

ಈ ಕಾಯಿಲೆ ಸುಮಾರು 30,000 ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ವರ್ಷಕ್ಕೆ 9 ಲಕ್ಷ ಮಕ್ಕಳು ಹುಟ್ಟುವ ರಾಜ್ಯವಿದ್ದರೆ ಅಲ್ಲಿ ವರ್ಷಕ್ಕೆ ಮೂವತ್ತು ಮಕ್ಕಳು. ಅವರಲ್ಲಿ ತೀವ್ರ ನವೆ ಇರುವವರು, ಬೇರೆ ಅಂಗಗಳ ತೊಂದರೆಯಿಂದ ಹೊರಗುಳಿಯದವರು, ಮನೆಯವರು ಒಪ್ಪಿದವರು ಎಂದು ಸೋಸಿದರೆ ಬೆರಳೆಣಿಕೆ. ಹೃದ್ರೋಗದ ಔಷಧಕ್ಕೆ ಸಾವಿರಾರು ಮಂದಿ ಸಿಗುವಂತೆ ಇಲ್ಲಿ ಸಿಗುವುದಿಲ್ಲ.

ಅಮೆರಿಕ ಮತ್ತು ಕೆನಡಾದ ಮಕ್ಕಳ ಲಿವರ್ ಕೇಂದ್ರಗಳು ಒಟ್ಟಾಗಿ ನಡೆಸಿದ ‘ಇಚ್’ ಪ್ರಯೋಗದಲ್ಲಿ 37 ಮಕ್ಕಳಿದ್ದರು. ಚೀಟಿ ಎತ್ತಿದಂತೆ ಅವರನ್ನು ಗುಂಪು ಮಾಡಿ ದಿನಕ್ಕೆ ಕಿಲೋ ತೂಕಕ್ಕೆ 70, 140 ಅಥವಾ 280 ಮೈಕ್ರೊಗ್ರಾಂ ಔಷಧ, ಇಲ್ಲವೇ ಪ್ಲಸೀಬೊ, ಅಂದರೆ ಔಷಧದಂತೆಯೇ ಕಾಣುವ ಆದರೆ ಔಷಧವಿಲ್ಲದ ದ್ರವವನ್ನು 13 ವಾರ ಕೊಟ್ಟರು. ಯಾರಿಗೆ ಯಾವುದೆಂದು ಮನೆಯವರಿಗೂ ವೈದ್ಯರಿಗೂ ತಿಳಿದಿರಲಿಲ್ಲ. ಮನೆಯವರು 0ಯಿಂದ 4ರವರೆಗೆ ಕೊಡುವ ಅಂಕದಲ್ಲಿ ನವೆ ಒಂದು ಅಂಕವಾದರೂ ಇಳಿದದ್ದು ಔಷಧ ಪಡೆದವರಲ್ಲಿ 65%, ಪ್ಲಸೀಬೊದವರಲ್ಲಿ 25%. ಏನೂ ಇಲ್ಲದ ದ್ರವ ಕುಡಿದವರಲ್ಲೂ ನಾಲ್ವರಲ್ಲೊಬ್ಬರಿಗೆ ಇಳಿಯಿತೇ? ಹೌದು. ನವೆ ತನ್ನಷ್ಟಕ್ಕೆ ಏರಿಳಿಯುತ್ತದೆ, ತೀರಾ ಹೆಚ್ಚಿದ್ದಾಗಲೇ ಜನ ಪ್ರಯೋಗಕ್ಕೆ ಸೇರುತ್ತಾರೆ, ಭರವಸೆಯೂ ಸೇರುತ್ತದೆ. ಹೋಲಿಕೆಯ ಗುಂಪಿಲ್ಲದೆ ‘ನಮ್ಮ ಮದ್ದಿನಿಂದ ಗುಣವಾಯಿತು’ ಎನ್ನುವ ಮಾತಿನಲ್ಲಿ ಈ 25% ಅಡಗಿ ಕೂತಿರುತ್ತದೆ. ಇನ್ನೊಂದು ಸಂಗತಿಯೂ ಉಂಟು. ಪ್ರಮಾಣ ಹೆಚ್ಚಿದಂತೆ ಫಲ ಹೆಚ್ಚಬೇಕೆಂದು ಎಣಿಸಿದ್ದರೆ 280ರ ಗುಂಪಿನಲ್ಲಿ ಹಾಗೆ ನಡೆಯಲಿಲ್ಲ. ಗುಂಪಿಗೆ ಹತ್ತರ ಆಸುಪಾಸಿನಷ್ಟೇ ಮಕ್ಕಳಿದ್ದಾಗ ಒಬ್ಬಿಬ್ಬರು ಆಚೀಚೆಯಾದರೂ ಸರಾಸರಿ ತಲೆಕೆಳಗಾಗುತ್ತದೆ.

ಕೊಟ್ಟು, ತೆಗೆದು, ನೋಡುವ ಉಪಾಯ

ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ನಡೆದ ‘ಐಕಾನಿಕ್’ ಪ್ರಯೋಗ ಬೇರೆ ದಾರಿ ಹಿಡಿಯಿತು. 31 ಮಕ್ಕಳಿಗೂ ಮೊದಲ 18 ವಾರ ಔಷಧವನ್ನೇ ಕೊಟ್ಟರು. ಆಮೇಲೆ ಉಳಿದ 29 ಮಂದಿಯನ್ನು ಚೀಟಿಯಿಂದ ಎರಡು ಪಾಲು ಮಾಡಿ, 13 ಮಕ್ಕಳಿಗೆ ಔಷಧ ಮುಂದುವರಿಸಿ, 16 ಮಕ್ಕಳಿಗೆ ಗೊತ್ತಾಗದಂತೆ ಪ್ಲಸೀಬೊ ಕೊಟ್ಟರು. ಬರೀ 4 ವಾರ. ಬಳಿಕ ಎಲ್ಲರಿಗೂ ಮತ್ತೆ ಔಷಧ. ಔಷಧ ನಿಜಕ್ಕೂ ಕೆಲಸ ಮಾಡುತ್ತಿದ್ದರೆ ನಿಲ್ಲಿಸಿದವರಲ್ಲಿ ನವೆ ಮರುಕಳಿಸಬೇಕು. ಪಂಪು ಆಫ್ ಮಾಡಿದಾಗ ನಲ್ಲಿ ನಿಂತರೆ ನೀರು ಆ ಪಂಪಿನಿಂದಲೇ ಬರುತ್ತಿತ್ತೆಂದು ತಿಳಿಯುವ ಹಾಗೆ. ಈ ಕ್ರಮದ ಒಳಿತೆಂದರೆ ಪ್ರತಿ ಮಗುವಿಗೂ ಔಷಧ ಸಿಕ್ಕೇ ಸಿಗುತ್ತದೆ, ಪ್ಲಸೀಬೊದಲ್ಲಿ ನರಳುವ ಅವಧಿ ಚಿಕ್ಕದು. ಮೂರು ತಿಂಗಳು ಪ್ಲಸೀಬೊಗೆ ಒಪ್ಪದ ಪೋಷಕರೂ ಇದಕ್ಕೆ ಒಪ್ಪಿಯಾರು.

2021ರಲ್ಲಿ ಪ್ರಕಟವಾದ ಫಲಿತಾಂಶ ಇದು. ಪ್ರಯೋಗದ ಆರಂಭದಲ್ಲಿ ರಕ್ತದ ಪಿತ್ತಾಮ್ಲದ ಸರಾಸರಿ 283 ಮೈಕ್ರೊಮೋಲ್. 18 ವಾರಕ್ಕೆ ಸರಾಸರಿ 88ರಷ್ಟು ಇಳಿಯಿತು, 0ಯಿಂದ 4ರವರೆಗಿನ ನವೆಯ ಅಂಕ 1.7ರಷ್ಟು. ಆ 4 ವಾರಗಳಲ್ಲಿ ಪ್ಲಸೀಬೊದವರ ನವೆ ಮತ್ತೆ ಏರಿ, ಎರಡು ಗುಂಪುಗಳ ಅಂತರ 1.5 ಅಂಕವಾಯಿತು. ಪಿತ್ತಾಮ್ಲದಲ್ಲಿ, ಅದೂ ಮೊದಲ ಹಂತದಲ್ಲಿ ಅರ್ಧಕ್ಕರ್ಧ ಇಳಿದಿದ್ದವರನ್ನಷ್ಟೇ ಎಣಿಸಿದಾಗ, ಅಂತರ 117 ಮೈಕ್ರೊಮೋಲ್. ಆದರೆ ನಿಜವಾದ ಅಂತರ 2ರಿಂದ 232ರವರೆಗೆ ಎಲ್ಲಾದರೂ ಇರಬಹುದೆಂದು ಲೆಕ್ಕ ಹೇಳುತ್ತದೆ. ಸಣ್ಣ ಪ್ರಯೋಗದ ಗುರುತೇ ಈ ಅಗಲವಾದ ಹರವು. ಪತ್ರಿಕೆಗಳಲ್ಲಿ ‘117’ ಓದುವಾಗ ಅದರ ಅಕ್ಕಪಕ್ಕದ ಆ ಎರಡು ಸಂಖ್ಯೆಗಳನ್ನೂ ಕೇಳಬೇಕು.

ನವೆಯನ್ನು ಅಳೆಯುವುದು

ಜ್ವರಕ್ಕೆ ಥರ್ಮಾಮೀಟರ್ ಇದೆ, ನವೆಗೆ ಇಲ್ಲ. ಮಗುವನ್ನು ನೋಡಿಕೊಳ್ಳುವವರು ದಿನಕ್ಕೆರಡು ಬಾರಿ ಎಲೆಕ್ಟ್ರಾನಿಕ್ ಡೈರಿಯಲ್ಲಿ 0ಯಿಂದ 4ರವರೆಗೆ ಅಂಕ ಕೊಡಬೇಕು. ಬೆಳಿಗ್ಗೆ ಕೊಟ್ಟದ್ದು ಕಳೆದ ರಾತ್ರಿಗೆ, ರಾತ್ರಿ ಕೊಟ್ಟದ್ದು ಹಗಲಿಗೆ. ನವೆ ಕಣ್ಣಿಗೆ ಕಾಣದು, ಆದ್ದರಿಂದ ಕಾಣುವುದನ್ನು ಬರೆಯಿರಿ ಎನ್ನುತ್ತಾರೆ: ಕೆರೆಯುವುದು, ಉಜ್ಜುವುದು, ನಿದ್ದೆಗೆಡುವುದು. ವೈದ್ಯರು ಬೇರೆಯಾಗಿ ಚರ್ಮದ ಗಾಯ ನೋಡಿ ಅಂಕ ಹಾಕುತ್ತಾರೆ.

ತಪ್ಪುವುದು ಎಲ್ಲೆಂದರೆ, ವಾರವಿಡೀ ಬರೆಯದೆ ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ನೆನಪಿನಿಂದ ತುಂಬಿಸಿದಾಗ. ಒಂದು ದಿನ ಅಮ್ಮ, ಮರುದಿನ ಅಜ್ಜಿ ಅಂಕ ಕೊಟ್ಟಾಗಲೂ ಅಷ್ಟೆ, ಅಜ್ಜಿಯ 2 ಅಮ್ಮನ 3 ಆಗಿರಬಹುದು. ರಕ್ತಪರೀಕ್ಷೆಯಲ್ಲೂ ಎಡವುವ ಕಡೆಗಳಿವೆ. ಊಟದ ನಂತರ ಪಿತ್ತಾಮ್ಲ ತಾನಾಗಿಯೇ ಏರುವುದರಿಂದ ಪ್ರತಿ ಸಲವೂ ಉಪವಾಸದ ರಕ್ತವೇ ಬೇಕು. ಅರ್ಸೊಡಿಯಾಲ್ ತಾನೇ ಒಂದು ಪಿತ್ತಾಮ್ಲವಾದ್ದರಿಂದ ಒಟ್ಟು ಅಳತೆಯಲ್ಲಿ ಅದೂ ಸೇರಿಬಿಡುತ್ತದೆ. ಪ್ರಯೋಗದ ನಡುವೆ ಅದರ ಪ್ರಮಾಣ ಬದಲಿಸಿದರೆ ಯಾವ ಔಷಧದಿಂದ ಸಂಖ್ಯೆ ಬದಲಾಯಿತೆಂದು ಯಾರೂ ಹೇಳಲಾರರು.

ಪ್ರಮಾಣ, ಪಿಚಕಾರಿ, ಭೇದಿ

ಅಲಜಿಲ್‌ಗೆ ಒಪ್ಪಿಗೆಯಾದ ಪ್ರಮಾಣ ಮೊದಲ ವಾರ ದಿನಕ್ಕೊಮ್ಮೆ ಕಿಲೋಗೆ 190 ಮೈಕ್ರೊಗ್ರಾಂ, ಆಮೇಲೆ 380. ಪ್ರಯೋಗದ ವರದಿಯಲ್ಲಿ ‘400’ ಎಂದು ಕಂಡರೆ ಗಾಬರಿ ಬೇಡ, ಅದು ಔಷಧದ ಕ್ಲೋರೈಡ್ ಲವಣದ ತೂಕ, ಎರಡೂ ಒಂದೇ. ದ್ರವದಲ್ಲಿ ಮಿಲಿಲೀಟರಿಗೆ 9.5 ಮಿಲಿಗ್ರಾಂ ಇರುತ್ತದೆ. 10 ಕಿಲೋ ಮಗುವಿಗೆ 3,800 ಮೈಕ್ರೊಗ್ರಾಂ, ಎಂದರೆ 3.8 ಮಿಲಿಗ್ರಾಂ, ಎಂದರೆ ಸುಮಾರು 0.4 ಮಿಲಿಲೀಟರ್. ಅಡುಗೆಮನೆಯ 5 ಮಿಲಿಲೀಟರ್ ಚಮಚದಲ್ಲಿ ಕೊಟ್ಟರೆ ಹನ್ನೆರಡು ಪಟ್ಟಿಗಿಂತ ಹೆಚ್ಚಾಯಿತು. ಅದಕ್ಕೇ ಬಾಟಲಿಯ ಜೊತೆಯ ಸೂಜಿಯಿಲ್ಲದ ಪಿಚಕಾರಿಯಲ್ಲೇ ಅಳೆಯಬೇಕು. ಮೈಕ್ರೊಗ್ರಾಂ, ಮಿಲಿಗ್ರಾಂ, ಮಿಲಿಲೀಟರ್ ಮೂರೂ ಒಂದೇ ಚೀಟಿಯಲ್ಲಿ ಬರುವುದರಿಂದ ಕೊಡಬೇಕಾದ ಗೆರೆಯನ್ನು ಪಿಚಕಾರಿಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಸಿಕೊಂಡು ಬರುವುದು ಒಳ್ಳೆಯದು. ಮಗುವಿನ ತೂಕ ಹೆಚ್ಚಿದಂತೆ ಗೆರೆಯೂ ಬದಲಾಗುತ್ತದೆ.

ಬೆಳಗಿನ ಮೊದಲ ಆಹಾರಕ್ಕಿಂತ ಸುಮಾರು ಅರ್ಧ ಗಂಟೆ ಮೊದಲು ಕೊಡುವುದು ಪ್ರಯೋಗಗಳ ಕ್ರಮವಾಗಿತ್ತು. ಉಂಡ ಕೂಡಲೇ ಪಿತ್ತರಸ ಕರುಳಿಗಿಳಿಯುತ್ತದೆ, ಆ ಹೊತ್ತಿಗೆ ಔಷಧ ಗೇಟಿನ ಬಳಿ ಇರಬೇಕು. ಕೊಲೆಸ್ಟಿರಮೀನ್ ಕೂಡ ಕೊಡುತ್ತಿದ್ದರೆ ಎರಡರ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು, ಆ ಪುಡಿ ಎದುರಿಗೆ ಸಿಕ್ಕ ಔಷಧಗಳಿಗೂ ಅಂಟಿಕೊಳ್ಳುತ್ತದೆ.

ಭೇದಿ, ಹೊಟ್ಟೆನೋವು, ವಾಂತಿ ಸಾಮಾನ್ಯ ತೊಂದರೆಗಳು, ಹೆಚ್ಚಿನವು ಮೊದಲ ವಾರಗಳವು. ಇದಕ್ಕಿಂತ ಗಮನ ಬೇಡುವುದು ಎ, ಡಿ, ಇ, ಕೆ ವಿಟಮಿನ್‌ಗಳು. ಇವು ಕೊಬ್ಬಿನಲ್ಲಷ್ಟೇ ಕರಗುವಂಥವು, ಪಿತ್ತಾಮ್ಲವಿಲ್ಲದೆ ಕರುಳು ಇವನ್ನು ಹೀರಲಾರದು. ಅಲಜಿಲ್ ಮಕ್ಕಳಲ್ಲಿ ಮೊದಲೇ ಕೊರತೆ, ಔಷಧ ಅದನ್ನು ಇನ್ನಷ್ಟು ಆಳಕ್ಕೆ ಒಯ್ಯಬಹುದು. ಡಿ ಇಳಿದರೆ ಮೂಳೆ ಸುಲಭವಾಗಿ ಮುರಿಯುತ್ತದೆ. ಕೆ ಇಳಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಈ ಮಕ್ಕಳಲ್ಲಿ ಕೆಲವರ ಮಿದುಳಿನ ರಕ್ತನಾಳಗಳೂ ಹುಟ್ಟಿನಿಂದಲೇ ದುರ್ಬಲವಾಗಿರುವುದರಿಂದ ಇದನ್ನು ಹಗುರವಾಗಿ ನೋಡುವಂತಿಲ್ಲ. ಎಎಲ್‌ಟಿ ಮುಂತಾದ ಲಿವರ್ ಪರೀಕ್ಷೆಗಳೂ ಏರಬಹುದು. ಹಾಗಾಗಿ ಶುರುಮಾಡುವ ಮುನ್ನ ಮತ್ತು ನಡುನಡುವೆ ರಕ್ತಪರೀಕ್ಷೆ ತಪ್ಪದು.

ಲಿವರಿನಿಂದ ಕರುಳಿಗೆ ಒಂದಿಷ್ಟಾದರೂ ಪಿತ್ತಾಮ್ಲ ಇಳಿಯುತ್ತಿದ್ದರೆ ಮಾತ್ರ ಈ ಔಷಧಕ್ಕೆ ಕೆಲಸ. ಪಿಎಫ್‌ಐಸಿ ಎಂಬ ಇನ್ನೊಂದು ಆನುವಂಶಿಕ ಕಾಯಿಲೆಯ ಒಂದು ಬಗೆಯಲ್ಲಿ ಪಿತ್ತಾಮ್ಲವನ್ನು ಲಿವರಿನಿಂದ ಹೊರದೂಡುವ ಪ್ರೋಟೀನೇ ಇರುವುದಿಲ್ಲ. ಬಸ್ಸೇ ಹೊರಡದ ಮೇಲೆ ವಾಪಸು ಬರುವ ಗೇಟು ಮುಚ್ಚಿ ಫಲವಿಲ್ಲ, ಅಂಥವರಿಗೆ ಇದನ್ನು ಕೊಡುವುದಿಲ್ಲ. ಇದೇ ಗೇಟು ಮುಚ್ಚುವ ಇನ್ನೊಂದು ಔಷಧ ಒಡೆವಿಕ್ಸಿಬ್ಯಾಟ್. 52 ಅಲಜಿಲ್ ರೋಗಿಗಳ 24 ವಾರದ ಪ್ರಯೋಗದ ನಂತರ 2023ರಲ್ಲಿ ಅದಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಪ್ರಯೋಗಕ್ಕೆ ಮಗುವನ್ನು ಸೇರಿಸುವ ಮೊದಲು

ಭಾರತದಲ್ಲಿ ಔಷಧ ಪ್ರಯೋಗಗಳು ನಡೆಯುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಕೆಳಗೆ. ಪ್ರಯೋಗ ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿ ಇರಲೇಬೇಕು, ಸಂಖ್ಯೆ ಕೇಳಿ ಪಡೆದು ಯಾರು ಬೇಕಾದರೂ ನೋಡಬಹುದು. ಒಪ್ಪಿಗೆಯ ಸಹಿ ತಂದೆತಾಯಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಗುವಿನಿಂದ ಬಾಯಿಮಾತಿನ, 12 ದಾಟಿದವರಿಂದ ಬರೆದ ಸಮ್ಮತಿಯನ್ನೂ ಪಡೆಯಬೇಕು. ಯಾವ ಹಂತದಲ್ಲಾದರೂ, ಕಾರಣ ಹೇಳದೆಯೂ, ಹೊರಬರಬಹುದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೆ, ಪರಿಹಾರಕ್ಕೆ ನಿಯಮದಲ್ಲಿ ಅವಕಾಶವಿದೆ.

ಒಪ್ಪಿಗೆ ಪತ್ರದಲ್ಲಿ ಹುಡುಕಬೇಕಾದ ಉತ್ತರಗಳು: ಪ್ಲಸೀಬೊ ಎಷ್ಟು ವಾರ, ಈಗಿನ ಔಷಧಗಳನ್ನು ಮುಂದುವರಿಸಬಹುದೇ, ಒಟ್ಟು ಎಷ್ಟು ಮಿಲಿಲೀಟರ್ ರಕ್ತ ತೆಗೆಯುತ್ತಾರೆ, ನವೆ ತಡೆಯಲಾಗದಷ್ಟಾದರೆ ಏನು ಮಾಡುತ್ತಾರೆ, ಪ್ರಯೋಗ ಮುಗಿದ ಮೇಲೆ ಔಷಧ ಸಿಗುತ್ತದೆಯೇ. ಕೊನೆಯ ಪ್ರಶ್ನೆಯನ್ನು ಕೇಳಲು ಜನ ಸಂಕೋಚಪಡುತ್ತಾರೆ. ನವೆ ಇಳಿದು ಒಂದು ವರ್ಷ ನಿದ್ದೆ ಮಾಡಿದ ಮಗುವಿಗೆ ಔಷಧ ಥಟ್ಟನೆ ನಿಂತರೆ ಏನಾಗುತ್ತದೆಂದು ಐಕಾನಿಕ್‌ನ ಆ 4 ವಾರಗಳೇ ತೋರಿಸಿವೆ.

ಕಸಿ ತಪ್ಪುತ್ತದೆಯೇ

ಎಲ್ಲ ಪೋಷಕರೂ ಕೇಳುವುದು ಇದನ್ನೇ. ಹಲವು ದೇಶಗಳ 1,433 ಅಲಜಿಲ್ ಮಕ್ಕಳ ದಾಖಲೆ ಸೇರಿಸಿದ ‘ಗಾಲಾ’ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಕಾಮಾಲೆ ಕಂಡ ಮಕ್ಕಳಲ್ಲಿ 18ನೆಯ ವಯಸ್ಸಿಗೆ ತಮ್ಮದೇ ಲಿವರಿನೊಂದಿಗೆ ಬದುಕಿದ್ದವರು 40% ಮಾತ್ರ. ಮರಲಿಕ್ಸಿಬ್ಯಾಟ್ ದೀರ್ಘಕಾಲ ಪಡೆದ 84 ಮಕ್ಕಳನ್ನು ಗಾಲಾದಿಂದ ಆರಿಸಿದ 469 ಮಂದಿಯೊಂದಿಗೆ ಹೋಲಿಸಿದಾಗ ಔಷಧ ಪಡೆದವರಲ್ಲಿ ಕಸಿ, ಸಾವು ಕಡಿಮೆ ಕಂಡುಬಂದವು. ಆದರೆ ಇದು ಚೀಟಿ ಎತ್ತಿ ಮಾಡಿದ ಗುಂಪುಗಳ ಹೋಲಿಕೆಯಲ್ಲ. ಒಂದು ಕಡೆಯವರು ಪ್ರಯೋಗಕ್ಕೆ ಆಯ್ಕೆಯಾಗಿ ತಿಂಗಳು ತಿಂಗಳು ವೈದ್ಯರ ಕಣ್ಣಳತೆಯಲ್ಲಿ ಇದ್ದವರು, ಇನ್ನೊಂದು ಕಡೆಯವರು ಹಳೆಯ ಕಡತಗಳಲ್ಲಿರುವವರು. ಲೆಕ್ಕದಲ್ಲಿ ಎಷ್ಟೇ ಸರಿಹೊಂದಿಸಿದರೂ ಆ ವ್ಯತ್ಯಾಸ ಪೂರ್ತಿ ಅಳಿಯದು. ಕಸಿಯ ಮಟ್ಟಿಗೆ ಪ್ಲಸೀಬೊದೊಂದಿಗೆ ವರ್ಷಗಟ್ಟಲೆ ಹೋಲಿಸುವ ಪ್ರಯೋಗ ಇನ್ನು ನಡೆಯುವ ಸಾಧ್ಯತೆಯೂ ಕಡಿಮೆ. ನವೆ ಇಳಿಸುತ್ತದೆಂದು ಗೊತ್ತಾದ ಔಷಧವನ್ನು ಕೆರೆದುಕೊಳ್ಳುತ್ತಿರುವ ಮಗುವಿಗೆ ಐದು ವರ್ಷ ಕೊಡದೆ ಇರಿ ಎಂದರೆ ಯಾವ ತಾಯಿ ಸಹಿ ಹಾಕಿಯಾಳು?